ಕಳೆಯದ ಕಷ್ಟ ಮತ್ತು ದೇವರ ಮೇಲಿನ ಭರವಸೆ

ಮಲೆನಾಡಿನ ಕೊಪ್ಪ ತಾಲ್ಲೂಕಿನ ಮೇಗುಂದದ ಅಡಿಕೆ ತೋಟಗಳನ್ನು ಕಾಡುವ ರೋಗಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಕೊಳೆ. ಆರಿದ್ರಾ ಮಳೆ ಬಿಡದೆ ಹೊಯ್ದರೆ ಎಳೆಗಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ ಮೂಡುತ್ತದೆ, ಬಿಳಿ ಬೂಸ್ಟು ಹತ್ತುತ್ತದೆ, ನೋಡನೋಡುತ್ತಿದ್ದಂತೆ ಮರದ ಬುಡದಲ್ಲಿ ಕಾಯಿ ಹಾಸಿಬಿಡುತ್ತದೆ. ಆದರೆ ಕೊಳೆಗೆ ಮದ್ದುಂಟು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ರೋಗದ ಜಾತಕ ಬಿಡಿಸಿಟ್ಟು, ಬೋರ್ಡೋ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಡುವೆ ಹೊಳವಾದಾಗ ಇನ್ನೊಂದು ಸಲ. ಒಂದು ವರ್ಷ ಫಸಲು ಹೋದರೂ ಮರ ಉಳಿದಿರುತ್ತದೆ. ಮಳೆಗಾಲ ಮುಗಿಯುತ್ತದೆ, ಮುಂದಿನ ಸಲ ಮತ್ತೆ ಸಿಂಗಾರ ಒಡೆಯುತ್ತದೆ.

ಇನ್ನೊಂದು, ಹಳದಿ ಎಲೆ ರೋಗ. ಕೇರಳದಲ್ಲಿ 1914ರಲ್ಲೇ ಗುರುತಿಸಲಾಗಿದ್ದ ಈ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತ ಬಂದಿದೆ. ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಇದಕ್ಕೆ ಕಾರಣ. ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ದಾಟಿಸುತ್ತದೆ. ಕೆಳಗಿನ ಸೋಗೆಗಳ ಗರಿತುದಿಯಿಂದ ಹಳದಿ ಶುರುವಾಗುತ್ತದೆ, ಬರಬರುತ್ತ ಮರದ ತಲೆ ಕಿರಿದಾಗುತ್ತದೆ, ಅಡಿಕೆಯ ತಿರುಳು ಕಪ್ಪಾಗಿ ಮೆತ್ತಗಾಗುತ್ತದೆ. ಮರ ಒಂದೇಟಿಗೆ ಸಾಯುವುದಿಲ್ಲ. ವರ್ಷದಿಂದ ವರ್ಷಕ್ಕೆ ಅಡಿಕೆ ಕೊನೆ ಸಣ್ಣದಾಗುತ್ತ, ಖರ್ಚು ಮಾತ್ರ ಹಾಗೇ ಉಳಿಯುತ್ತದೆ. ಗೊಬ್ಬರ ಹಾಕಿ, ಬಸಿಗಾಲುವೆ ತೆಗೆದು ಒಂದಷ್ಟು ತಡೆದುಕೊಳ್ಳಬಹುದು. ರೋಗ ತಾಳಿಕೊಂಡ ಮರಗಳಿಂದ ಬೀಜ ಆರಿಸುವ ಕೆಲಸವನ್ನು ಸಂಶೋಧಕರು ಮಾಡುತ್ತಿದ್ದಾರೆ. ಗುಣಪಡಿಸುವ ಮದ್ದು ಮಾತ್ರ ಇಂದಿಗೂ ಇಲ್ಲ.

ಮನುಷ್ಯನ ಕಷ್ಟಗಳಲ್ಲೂ ಈ ಎರಡು ಜಾತಿ ಇವೆ. ಕಳೆದುಹೋಗುವ ಕಷ್ಟ ಒಂದು, ಜೊತೆಗೇ ಬದುಕಬೇಕಾದ ಕಷ್ಟ ಇನ್ನೊಂದು. ನಮ್ಮ ಚರ್ಚುಗಳ ಪ್ರಸಂಗಗಳಲ್ಲಿ, ಪ್ರಾರ್ಥನಾಕೂಟಗಳ ಸಾಕ್ಷಿಗಳಲ್ಲಿ ಕೇಳಿಸುವ ಸಮಾಧಾನ ಹೆಚ್ಚುಕಮ್ಮಿ ಎಲ್ಲವೂ ಮೊದಲನೆಯದಕ್ಕೆ ಹೇಳಿ ಮಾಡಿಸಿದ್ದು. "ಈ ಕಾಲವೂ ಕಳೆಯುತ್ತದೆ, ದೇವರು ಕೈಬಿಡುವುದಿಲ್ಲ" ಎನ್ನುತ್ತೇವೆ. ಕೊಳೆ ಬಿದ್ದ ತೋಟದವನಿಗೆ ಈ ಮಾತು ಸರಿ. ಹಳದಿ ಹಿಡಿದ ತೋಟದವನಿಗೆ, ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದ ಮಗನ ತಾಯಿಗೆ, ಗಂಡನನ್ನು ಮಣ್ಣು ಮಾಡಿ ಬಂದವಳಿಗೆ ಇದೇ ಮಾತು ಹೇಳಿದರೆ ಅದು ಸುಳ್ಳಾಗುತ್ತದೆ. ಕಳೆಯುವ ಕಷ್ಟಕ್ಕೆ ಮಾತ್ರ ಸಾಲುವ ಭರವಸೆಯನ್ನು ಕ್ರೈಸ್ತ ಭರವಸೆ ಎನ್ನಬಹುದೇ? ಎನ್ನಲಾಗದು ಎಂಬುದು ನನ್ನ ವಾದ. ಬೈಬಲ್ಲಿನ ದೇವರನ್ನು ನಂಬುವುದೆಂದರೆ ಫಲದ ಖಾತ್ರಿ ಪಡೆಯುವುದಲ್ಲ. ಫಲ ಕೈಕೊಟ್ಟ ಮೇಲೂ ದೇವರೊಂದಿಗೆ ಮಾತು ಬಿಡದೆ, ಕೈಗೆತ್ತಿಕೊಂಡ ಕೆಲಸ ಬಿಡದೆ, ಪಕ್ಕದ ಮನೆಯವನ ಕೈ ಬಿಡದೆ ಇರುವುದು.

ಇಲ್ಲಿನ ಕ್ರೈಸ್ತರ ಸಂಖ್ಯೆ ಚಿಕ್ಕದು, ಬಗೆ ಹಲವು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕರು, ಕೇರಳದಿಂದ ಬಂದು ಕಾಡಂಚಿನಲ್ಲಿ ನೆಲೆನಿಂತ ಮಲಯಾಳಿ ಮನೆತನಗಳು, ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬದುಕುವ ಕೂಲಿಯವರು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಯಿತು. 2007ರಲ್ಲಿ ಸಿರೋ ಮಲಬಾರ್ ಸಭೆಯವರಿಗಾಗಿ ಭದ್ರಾವತಿ ಧರ್ಮಪ್ರಾಂತ್ಯ ಆಯಿತು. ಸುತ್ತ ಶೃಂಗೇರಿಯ ಶಾರದಾ ಪೀಠ, ಬಾಳೆಹೊನ್ನೂರಿನ ರಂಭಾಪುರಿ ಪೀಠ, ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿಮಠ. ಮಳೆ ಬಾರದಿದ್ದರೆ ಮಳೆ ಬೇಡಿ, ಮಳೆ ಮಿತಿಮೀರಿದರೆ ನಿಲ್ಲಿಸೆಂದು ಬೇಡಿ ಜನ ಕಿಗ್ಗದ ಋಷ್ಯಶೃಂಗನ ಬಳಿಗೆ ಹೋಗುತ್ತಾರೆ. ಕೈಮೀರಿದ್ದನ್ನು ದೇವರ ಕೈಗೆ ಒಪ್ಪಿಸುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ನಡವಳಿಕೆ. ಒಪ್ಪಿಸಿದ ಮೇಲೂ ಕೇಳಿದ್ದು ಸಿಗದಿದ್ದರೆ ಏನು ಎಂಬ ಪ್ರಶ್ನೆಯೂ ಎಲ್ಲರದೇ. ಅದಕ್ಕೆ ಕ್ರೈಸ್ತರು ತಮ್ಮ ಗ್ರಂಥದೊಳಗಿಂದ ಏನು ಉತ್ತರ ಕೊಡಬಲ್ಲರು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು, ನಾವು ಕೊಡುವ ಸುಲಭದ ಉತ್ತರಗಳನ್ನು ನೋಡೋಣ. ಗೋಡೆಯ ಕ್ಯಾಲೆಂಡರಿನಲ್ಲಿ, ಹೊಸ ವರ್ಷದ ಕಾರ್ಡಿನಲ್ಲಿ, ವಾಟ್ಸ್ಆ್ಯಪ್ಪಿನ ಬೆಳಗಿನ ಸಂದೇಶದಲ್ಲಿ ಬೈಬಲ್ಲಿನ ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ ಒಂದು ವಾಕ್ಯ ತಪ್ಪದೆ ಬರುತ್ತದೆ. ದೇವರಿಗೆ ನಮ್ಮ ಬಗ್ಗೆ ಇರುವ ಯೋಚನೆ ಹಿತದ್ದು, ಕೇಡಿನದಲ್ಲ ಎಂಬ ಅರ್ಥದ ವಾಕ್ಯ ಅದು. ಅದರ ಹಿಂದಿನ ವಾಕ್ಯವನ್ನು ಯಾರೂ ಅಚ್ಚು ಹಾಕುವುದಿಲ್ಲ. ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಯೆರೆಮೀಯ ಬರೆದ ಕಾಗದ ಅದು; ಬಿಡುಗಡೆಗೆ ಅವನು ಹೇಳಿದ ಅವಧಿ ಎಪ್ಪತ್ತು ವರ್ಷ. ಕಾಗದ ಕೇಳಿಸಿಕೊಂಡ ನಡುವಯಸ್ಸಿನವರಿಗೆ ತಾವು ಇಲ್ಲೇ ಸಾಯುತ್ತೇವೆ ಎಂಬುದು ಖಚಿತವಾಗಿರಬೇಕು. ಅದೇ ಹೊತ್ತಿಗೆ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರುತ್ತಿದ್ದ. ಜನಕ್ಕೆ ಹಿಡಿಸಿದ್ದು ಅವನ ಮಾತು. ಗ್ರಂಥ ಅವನನ್ನು ಸುಳ್ಳು ಪ್ರವಾದಿ ಎನ್ನುತ್ತದೆ. ಎಪ್ಪತ್ತು ವರ್ಷದ ಮಾತನ್ನು ಕತ್ತರಿಸಿ ಹಿತದ ಮಾತನ್ನಷ್ಟೇ ಗೋಡೆಗೆ ತೂಗುಹಾಕಿದರೆ ಯೆರೆಮೀಯನ ಬಾಯಲ್ಲಿ ಹನನ್ಯನ ಸಂದೇಶ ಹೇಳಿಸಿದಂತಾಗುತ್ತದೆ.

ಆ ಕಾಗದದಲ್ಲಿ ಇನ್ನೊಂದು ಸಂಗತಿ ಇದೆ. ಪರದೇಶದಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಹಿಡಿದ ಊರಿನ ಒಳಿತಿಗೂ ಪ್ರಾರ್ಥಿಸಿ ಎಂದು ಅವನು ಬರೆಯುತ್ತಾನೆ. ಮುಂದೆ ಯೆರೂಸಲೇಮಿಗೆ ಮುತ್ತಿಗೆ ಬಿದ್ದು, ತಾನೇ ಕಾವಲಿನಲ್ಲಿದ್ದಾಗ, ಅವನು ಅನಾತೋತಿನಲ್ಲಿ ಒಂದು ಹೊಲ ಕೊಳ್ಳುತ್ತಾನೆ. ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರ ಕೆಡದಿರಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಶತ್ರುಸೈನ್ಯ ಬೀಡುಬಿಟ್ಟ ಸೀಮೆಯಲ್ಲಿ ಆ ಹೊಲಕ್ಕೆ ಅಂದು ಕವಡೆ ಬೆಲೆಯಿಲ್ಲ. ತಾನು ಉಳಬಹುದೆಂಬ ಲೆಕ್ಕದಿಂದ ಅವನು ಕೊಂಡದ್ದಲ್ಲ. ಈ ನೆಲದ ಕತೆ ತನ್ನ ಆಯುಸ್ಸಿನೊಂದಿಗೆ ಮುಗಿಯುವುದಿಲ್ಲ ಎಂಬ ಭರವಸೆಗೆ ದುಡ್ಡು ಕೊಟ್ಟು ಗುರುತು ಹಾಕಿದ್ದು. ಹಳದಿ ಹಿಡಿದ ತೋಟದ ನಡುವೆ ಕಾಳುಮೆಣಸು ಹಬ್ಬಿಸಿ, ಕಾಫಿ ಗಿಡ ಕೂರಿಸಿ, ಮೊಮ್ಮಗನ ಕಾಲಕ್ಕೆ ಏನಾದರೂ ಇರಲಿ ಎನ್ನುವ ಮೇಗುಂದದ ಮುದುಕನಿಗೆ ಈ ಅಧ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸುಲಭದ ಉತ್ತರ ಹೆಚ್ಚು ಕ್ರೂರ. ಏನೋ ಪಾಪ ಇರಬೇಕು, ಇಲ್ಲವೇ ನಂಬಿಕೆ ಸಾಲದು. ಬಾಯಿಬಿಟ್ಟು ಹೇಳದಿದ್ದರೂ ಸಾಲಕ್ಕೆ ಅಂಜಿ ಒಬ್ಬ ಜೀವ ಕಳೆದುಕೊಂಡ ಮನೆಯ ಅಂಗಳದಲ್ಲಿ ಈ ಪಿಸುಮಾತು ಓಡಾಡುತ್ತದೆ. ಈ ಲೆಕ್ಕಾಚಾರವನ್ನು ಯೇಸು ಎರಡು ಸಲ ನೇರವಾಗಿ ತಳ್ಳಿಹಾಕಿದ್ದಾರೆ. ಹುಟ್ಟುಕುರುಡನನ್ನು ತೋರಿಸಿ, ಇದು ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಶಿಷ್ಯರು ಕೇಳಿದಾಗ ಎರಡೂ ಅಲ್ಲ ಎಂದರು. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿಯ ಪ್ರಸ್ತಾಪವನ್ನು ತಾವೇ ಎತ್ತಿ, ಅವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಬೈಬಲ್ಲಿನ ಯೋಬನ ಸ್ನೇಹಿತರು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರು. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟರು.

ಮೂರನೆಯದು ವ್ಯಾಪಾರದ ಉತ್ತರ. ಈಗ ಸಹಿಸಿಕೋ, ಇದರ ಎರಡರಷ್ಟು ಆಶೀರ್ವಾದ ಕಾದಿದೆ. ಈಚಿನ ದಶಕಗಳಲ್ಲಿ ಟಿವಿ, ಯೂಟ್ಯೂಬ್ ಬೋಧಕರಿಂದ ಈ ಬೋಧನೆ ಮಲೆನಾಡಿನ ಮನೆಮನೆಗೂ ಬಂದಿದೆ. ಕಾಣಿಕೆ ಕೊಟ್ಟಷ್ಟೂ ಹೆಚ್ಚು ಮರಳುತ್ತದೆ ಎಂಬ ಬಾಲವೂ ಅದಕ್ಕಿದೆ. ಇವರಿಗೆ ಯೋಬನ ಕೊನೆಯ ಅಧ್ಯಾಯ ಬಹಳ ಇಷ್ಟ: ಕುರಿ, ಒಂಟೆ, ಎತ್ತು ಎಲ್ಲ ಎರಡರಷ್ಟು ಸಿಕ್ಕಿದವಲ್ಲ! ಆ ಲೆಕ್ಕವನ್ನು ನಿಧಾನವಾಗಿ ಓದಬೇಕು. ದನಕರು ಇಮ್ಮಡಿಯಾದವು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಸತ್ತ ಮಕ್ಕಳು ಬರಲಿಲ್ಲ, ಬಂದವರು ಬೇರೆ ಮಕ್ಕಳು. ಹತ್ತು ಮಕ್ಕಳನ್ನು ಮಣ್ಣು ಮಾಡಿದ ತಾಯಿಗೆ ಇನ್ನು ಹತ್ತು ಹುಟ್ಟಿದವು ಎಂದರೆ ಲೆಕ್ಕ ಸರಿಹೋಯಿತು ಎನ್ನುವವನು ಮಕ್ಕಳನ್ನು ಹೆತ್ತವನಲ್ಲ. ಅಷ್ಟಕ್ಕೂ ಆ ಗ್ರಂಥ ಶುರುವಾಗುವುದೇ ಸೈತಾನನ ಒಂದು ಪ್ರಶ್ನೆಯಿಂದ: ಲಾಭವಿಲ್ಲದಿದ್ದರೆ ಯೋಬ ದೇವರಿಗೆ ಅಂಜಿ ನಡೆಯುತ್ತಿದ್ದನೇ? ಆಶೀರ್ವಾದದ ವ್ಯಾಪಾರ ಮಾಡುವ ಬೋಧಕ ತನಗೆ ಗೊತ್ತಿಲ್ಲದೆಯೇ ಸೈತಾನನ ವಾದವನ್ನು ಒಪ್ಪಿಕೊಂಡಿದ್ದಾನೆ.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇನು? ಇಲ್ಲೇ ವಿಚಾರವಂತ ಓದುಗ ತಡೆದು ನಿಲ್ಲಿಸಬೇಕು. ನಂಬಿದರೆ ತೋಟ ಉಳಿಯುತ್ತದೆ ಎನ್ನುವಂತಿಲ್ಲ, ಕಾಯಿಲೆ ವಾಸಿಯಾಗುತ್ತದೆ ಎನ್ನುವಂತಿಲ್ಲ, ಕಷ್ಟಕ್ಕೆ ಕಾರಣವೂ ಹೇಳುವಂತಿಲ್ಲ. ಬಂದದ್ದೆಲ್ಲ ದೇವರ ಚಿತ್ತ ಎಂದು ತಲೆದೂಗುವ ನಂಬಿಕೆಯನ್ನು ಯಾವ ಘಟನೆಯೂ ಅಲ್ಲಗಳೆಯಲಾರದು; ಯಾವುದೂ ಅಲ್ಲಗಳೆಯಲಾರದ ಮಾತಿಗೆ ಹುರುಳೇ ಇಲ್ಲ ಎನ್ನಬಹುದಲ್ಲ? ಈ ಆಕ್ಷೇಪ ಹಳೆಯದು, ಗಟ್ಟಿಯಾದದ್ದು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದ ಚರ್ಚುಗಳು ಜನರಿಂದ ತುಂಬಿದ್ದಾಗ ಭೂಮಿ ನಡುಗಿತು. ಪೂಜೆಗೆ ಬಂದವರ ಮೇಲೆಯೇ ಗೋಡೆಗಳು ಕುಸಿದವು. ಇರುವ ಲೋಕವೇ ಸಾಧ್ಯವಿದ್ದ ಲೋಕಗಳಲ್ಲೆಲ್ಲ ಉತ್ತಮ ಎನ್ನುತ್ತಿದ್ದ ತತ್ವಜ್ಞಾನವನ್ನು ಫ್ರಾನ್ಸಿನ ವೋಲ್ಟೇರ್ ನಾಲ್ಕು ವರ್ಷದ ಬಳಿಕ 'ಕ್ಯಾಂಡೀಡ್' ಕಾದಂಬರಿಯಲ್ಲಿ ಗೇಲಿ ಮಾಡಿ ಮಲಗಿಸಿದ. ಇದೊಂದು ವಿಷಯದಲ್ಲಿ ಕ್ರೈಸ್ತರು ವೋಲ್ಟೇರನ ಪಕ್ಕ ನಿಲ್ಲಬೇಕೆಂದು ನನಗನ್ನಿಸುತ್ತದೆ. ಆಗಿದ್ದೆಲ್ಲ ಒಳ್ಳೆಯದಕ್ಕೇ ಎಂಬುದು ಯೋಬನ ಸ್ನೇಹಿತರ ವಾದವೇ ಹೊರತು ಯೋಬನದಲ್ಲ.

ಆದರೆ ನಂಬಿಕೆಗೆ ಹುರುಳಿಲ್ಲ ಎಂಬುದನ್ನು ಒಪ್ಪಲಾರೆ. ವಿವರಣೆಯಾಗಿ ನೋಡಿದರೆ ಅದು ಬರಿದೇ ಸರಿ. ನಡತೆಯಾಗಿ ನೋಡಿದರೆ ಅದನ್ನು ಪರೀಕ್ಷಿಸಬಹುದು. ನಂಬುವವನು ಕಷ್ಟದಲ್ಲಿ ನಿಜ ಮಾತಾಡುತ್ತಾನೆಯೇ, ಮಾಡಬೇಕಾದ ಕೆಲಸ ಮಾಡುತ್ತಾನೆಯೇ, ತನ್ನ ನೋವಿನಿಂದ ಇನ್ನೊಬ್ಬರ ನೋವಿಗೆ ದಾರಿ ಕಾಣುತ್ತಾನೆಯೇ ಎಂದು ನೋಡಬಹುದು. ಈ ಮೂರೂ ಇಲ್ಲದಿದ್ದರೆ ಆ ನಂಬಿಕೆ ಸುಳ್ಳೆಂದು ಸಾಬೀತಾಯಿತು. ಇದನ್ನು ಒರೆಗೆ ಹಚ್ಚಲು ದೂರದ ಸಂತರನ್ನು ಹುಡುಕಬೇಕಾಗಿಲ್ಲ. ಮೇಗುಂದದ ಒಂದು ಪಕ್ಕ ತುಂಗೆ, ಇನ್ನೊಂದು ಪಕ್ಕ ಭದ್ರೆ. ಎರಡೂ ಹುಟ್ಟುವುದು ವರಾಹ ಪರ್ವತದ ಗಂಗಾಮೂಲದಲ್ಲಿ. ಆ ಗಂಗಾಮೂಲದ ಕಾಡಿನ ಆಶ್ರಮದಲ್ಲೇ 1858ರ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿ ಹುಟ್ಟಿದ್ದು.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ವಿರೋಧ ಕಟ್ಟಿಕೊಂಡವರು. ರಮಾಬಾಯಿ ಕೂಸಾಗಿದ್ದಾಗಲೇ ಸಂಸಾರ ಗಂಗಾಮೂಲ ಬಿಟ್ಟು, ಪುರಾಣ ಹೇಳುತ್ತ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ಅಲೆಯಿತು. 1870ರ ದಶಕದ ಬರಗಾಲದಲ್ಲಿ ಕೈಯಲ್ಲಿದ್ದ ಪಾತ್ರೆ ಪಗಡೆ, ಒಡವೆ ಎಲ್ಲ ಮಾರಿಹೋದವು. ಕಾಡಿನ ಎಲೆ ತಿಂದು, ನೀರು ಕುಡಿದು ದಿನ ದೂಡಿದರು. ತಂದೆ ತೀರಿಕೊಂಡರು, ಕೆಲವೇ ತಿಂಗಳಲ್ಲಿ ತಾಯಿ, ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ಬಂದವರು ಇಬ್ಬರೇ. ಉಳಿದ ಎರಡು ಹೆಗಲು ಅಣ್ಣ ತಂಗಿಯದು. ತಂಗಿ ಕುಳ್ಳಿ, ಚಟ್ಟ ಹೆಗಲಿಗೆ ಸಮ ಬರುತ್ತಿರಲಿಲ್ಲ, ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ಮೈಲಿಗಟ್ಟಲೆ ದೂರದ ಮಸಣಕ್ಕೆ ನಡೆದಳು. ಬಳಿಕ ಇಬ್ಬರೂ ಉತ್ತರಕ್ಕೆ ನಡೆದರು. ಝೇಲಂ ನದಿಯ ದಂಡೆಯಲ್ಲಿ ಚಳಿಗೆ ಹೊದಿಕೆಯಿಲ್ಲದೆ ಗೋರಿಯಂಥ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯನ್ನೆಲ್ಲ ಒಣ ಮರಳಲ್ಲಿ ಹುಗಿದುಕೊಂಡು ರಾತ್ರಿ ಕಳೆದರು.

1878ರಲ್ಲಿ ಕಲ್ಕತ್ತಾ ಮುಟ್ಟಿದಾಗ ಅಲ್ಲಿನ ವಿದ್ವಾಂಸರು ಆಕೆಯ ಸಂಸ್ಕೃತಕ್ಕೆ ಬೆರಗಾಗಿ ಪಂಡಿತೆ ಎಂದು ಕರೆದರು. 1880ರಲ್ಲಿ ಅಣ್ಣನೂ ಹೋದ. ಆ ವರ್ಷವೇ ಮದುವೆಯಾದ ಗಂಡ ಬಿಪಿನ್ ಬಿಹಾರಿ ಮೇಧಾವಿ 1882ರ ಫೆಬ್ರುವರಿಯಲ್ಲಿ ಕಾಲರಾಕ್ಕೆ ತುತ್ತಾದರು. ಇಪ್ಪತ್ನಾಲ್ಕು ತುಂಬುವ ಮೊದಲೇ ಹೆತ್ತವರು, ಒಡಹುಟ್ಟಿದವರು, ಗಂಡ ಎಲ್ಲರನ್ನೂ ಕಳೆದುಕೊಂಡ ಆಕೆಗೆ ಉಳಿದದ್ದು ಹಸುಗೂಸು ಮನೋರಮಾ. ಮರುವರ್ಷ ಇಂಗ್ಲೆಂಡಿನ ವಾಂಟೇಜಿನಲ್ಲಿ ತಾಯಿ ಮಗಳು ದೀಕ್ಷಾಸ್ನಾನ ಪಡೆದರು.

ಇಲ್ಲಿಂದ ಮುಂದೆ ಕತೆಯನ್ನು ತಪ್ಪಾಗಿ ಓದುವುದು ಬಹಳ ಸುಲಭ. ಹಿಂದೆ ಮಾಡಿದ ವ್ರತ ಉಪವಾಸಗಳು ಫಲಿಸಲಿಲ್ಲ, ಕ್ರೈಸ್ತಳಾದ ಮೇಲೆ ಪ್ರಾರ್ಥನೆ ಫಲಿಸಿತು ಎಂದು ಹೇಳುವವರಿದ್ದಾರೆ. ಬದುಕಿನ ದಾಖಲೆ ಹಾಗೆ ಹೇಳುವುದಿಲ್ಲ. 1921ರಲ್ಲಿ ಅದೇ ಮನೋರಮಾ, ತಾಯಿಯ ಸಂಸ್ಥೆಗಳಿಗೆ ಬಲಗೈಯಾಗಿದ್ದ ಒಬ್ಬಳೇ ಮಗಳು, ತಾಯಿಗಿಂತ ಮೊದಲೇ ತೀರಿಕೊಂಡಳು. ಒಂಬತ್ತು ತಿಂಗಳಲ್ಲಿ, 1922ರ ಏಪ್ರಿಲ್ 5ರಂದು, ತಾಯಿಯೂ ಹೋದರು. ದೇವರನ್ನು ನಂಬಿ ಬಾಳಿದ ನಾಲ್ಕು ದಶಕಗಳ ಕೊನೆಗೂ ಸಾವು ಆ ಮನೆಗೆ ರಿಯಾಯಿತಿ ಕೊಡಲಿಲ್ಲ. ಬದಲಾದದ್ದು ಬೇರೆ.

ಮೊದಲನೆಯದಾಗಿ, ಆಕೆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ದೀಕ್ಷೆ ಕೊಟ್ಟ ಆಂಗ್ಲಿಕನ್ ಸಭೆಯ ಹಿರಿಯರು ತಾವು ಹೇಳಿದ್ದನ್ನು ಒಪ್ಪಿಕೊಳ್ಳಬೇಕೆಂದಾಗ, ತನ್ನ ಆತ್ಮಸಾಕ್ಷಿಗೆ ಸರಿಕಾಣದ್ದನ್ನು ಯಾರ ಅಧಿಕಾರಕ್ಕೂ ಮಣಿದು ಒಪ್ಪಲಾರೆ ಎಂದು ಪತ್ರದ ಮೇಲೆ ಪತ್ರ ಬರೆದರು. 1897ರಲ್ಲಿ ಪುಣೆಗೆ ಪ್ಲೇಗು ಬಂದು, ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಪಾಡು ನಾಯಿಪಾಡಾದಾಗ ಸರ್ಕಾರವನ್ನು ಪತ್ರಿಕೆಯಲ್ಲೇ ತರಾಟೆಗೆ ತೆಗೆದುಕೊಂಡರು. ದೇವರ ಚಿತ್ತವೆಂದು ಸುಮ್ಮನಿರಲಿಲ್ಲ. ಎರಡನೆಯದು, ಕೆಲಸ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾಲೆಗೆ ಶಾರದಾ ಸದನ ಎಂದು ಹೆಸರಿಟ್ಟರು; ತುಂಗೆಯ ತಲೆಯಲ್ಲಿ ಹುಟ್ಟಿದವಳಿಗೆ ಆ ಹೆಸರು ಪರಕೀಯವಾಗಿರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತರುವ ಕೆಲಸವನ್ನು ಮಗಳು ಸತ್ತ ಮೇಲೂ ನಿಲ್ಲಿಸಲಿಲ್ಲ. ಮೂರನೆಯದೇ ದೊಡ್ಡದು. 1896-97ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಿದ್ದಾಗ ಆಕೆ ಹೊರಟು ಹೋಗಿ, ಗಂಜಿಕೇಂದ್ರಗಳ ಸುತ್ತ ದಿಕ್ಕಿಲ್ಲದೆ ನಿಂತ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವಿನಲ್ಲಿ ಆಕೆ ಕಟ್ಟಿದ ಮುಕ್ತಿ ಆಶ್ರಮ ಬೆಳೆದದ್ದು ಹಾಗೆ; 1900ರ ಗುಜರಾತ್ ಬರದ ಬಳಿಕ ಅಲ್ಲಿದ್ದವರು ಸಾವಿರ ದಾಟಿದರು. ಹಸಿವೆಂದರೇನೆಂದು ಪುಸ್ತಕದಿಂದ ತಿಳಿದವರು ದೇಣಿಗೆ ಕೊಡುತ್ತಾರೆ. ಮರಳಲ್ಲಿ ಹುಗಿದುಕೊಂಡು ಮಲಗಿದವಳು ತಾನೇ ಹೋದಳು.

ಬರ ಬಂದದ್ದು ಇದಕ್ಕಾಗಿಯೇ, ರಮಾಬಾಯಿಯನ್ನು ತಯಾರು ಮಾಡಲು ದೇವರೇ ಹೆತ್ತವರನ್ನು ಕೊಂದ ಎಂದು ಇದರಿಂದ ಹೇಳಹೊರಟರೆ ನಾವು ಮತ್ತೆ ಯೋಬನ ಸ್ನೇಹಿತರ ಸಾಲಿಗೆ ಸೇರಿದೆವು. ಲಕ್ಷಾಂತರ ಜನ ಸತ್ತ ಬರಗಾಲವನ್ನು ಒಬ್ಬಳ ತರಬೇತಿ ಎನ್ನುವುದು ಸತ್ತವರಿಗೆ ಮಾಡುವ ಅವಮಾನ. ಇಷ್ಟು ಮಾತ್ರ ಹೇಳಬಹುದು: ಕಾರಣ ತಿಳಿಯದ ನೋವನ್ನು ಆಕೆ ವ್ಯರ್ಥವಾಗಲು ಬಿಡಲಿಲ್ಲ, ಹಾಗೆ ಬಿಡದಿರಲು ಬೇಕಾದ ಬಲ ತನ್ನದಲ್ಲ, ದೇವರದು ಎಂದು ಆಕೆ ತಿಳಿದಿದ್ದರು.

ಈಗ ಮೂರು ಪರೀಕ್ಷೆಗಳನ್ನೂ ನಮ್ಮ ಚರ್ಚುಗಳಿಗೆ ಹಚ್ಚಿ ನೋಡೋಣ. ನಿಜ ಮಾತಿನಲ್ಲಿ ನಾವು ಬಡವರು. 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟ, ದೂರು, ಇನ್ನೆಷ್ಟು ಕಾಲ ಎಂಬ ಕೂಗು. 88ನೆಯದಂತೂ ಒಂದು ಬೆಳಕಿನ ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಸಂಕಲಿಸಿದವರು ಅದನ್ನು ತಿದ್ದಲಿಲ್ಲ, ತೆಗೆಯಲಿಲ್ಲ. ನಾವು ಹಾಡುವುದು ಮಾತ್ರ ಸ್ತುತಿಯ ಕೀರ್ತನೆಗಳನ್ನು. ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಕಾಯಿಲೆ ವಾಸಿಯಾದವರೇ. ವಾಸಿಯಾಗದವರು ಹಿಂದಿನ ಬೆಂಚಿನಲ್ಲಿ ಕೂತು ತಮ್ಮಲ್ಲೇ ಏನೋ ಕೊರತೆ ಇರಬೇಕೆಂದು ತಿಳಿದು ಮನೆಗೆ ಹೋಗುತ್ತಾರೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವಿಗೇ ಬೇಡಿದ್ದು ಸಿಗಲಿಲ್ಲ. ಮೈಯಲ್ಲಿ ನೆಟ್ಟ ಮುಳ್ಳನ್ನು ತೆಗೆಯೆಂದು ಅಪೊಸ್ತಲ ಪೌಲ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಕೃಪೆ ಸಾಕು ಎಂಬ ಉತ್ತರ ಬಂತು. ಶಿಲುಬೆಯ ಮೇಲೆ ಯೇಸು ಕೂಗಿದ್ದು ದೂರಿನ ಕೀರ್ತನೆಯನ್ನು. ವಾಸಿಯಾಗದವರ ಸಾಕ್ಷಿಗೂ ನಮ್ಮ ಕೂಟಗಳಲ್ಲಿ ಜಾಗ ಬೇಕು.

ಕೆಲಸದ ವಿಷಯದಲ್ಲಿ ಒಂದು ಅಪಾಯ ನಮ್ಮ ಸೀಮೆಗೇ ಸೇರಿದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೂ ಬರುತ್ತದೆ. ಬೇಸಗೆಯಲ್ಲಿ ತರಗೆಲೆಗೆ, ಸೌದೆಗೆ ಕಾಡು ಹೊಕ್ಕವರಿಗೆ ಉಣುಗು ಕಚ್ಚಿ ಹರಡುವ ಜ್ವರ ಅದು. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ವ್ಯಾಧಿಯೂ ನಿನ್ನ ಗುಡಾರದ ಹತ್ತಿರ ಸುಳಿಯದು ಎಂಬ ಭಾವದ 91ನೆಯ ಕೀರ್ತನೆಯನ್ನು ಬಾಗಿಲಿಗೆ ಅಂಟಿಸಿ ಎಣ್ಣೆ ಬೇಡವೆನ್ನುವ ಭಕ್ತಿಯೂ ಉಂಟು. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ ಧುಮುಕು ಎಂದ ಸೈತಾನ ಆಧಾರಕ್ಕೆ ಎತ್ತಿಕೊಂಡದ್ದು ಅದೇ ಕೀರ್ತನೆಯನ್ನು. ದೇವರನ್ನು ಪರೀಕ್ಷಿಸಬಾರದು ಎಂಬುದು ಯೇಸುವಿನ ಉತ್ತರ. ಬೋರ್ಡೋ ಹೊಡೆಯುವುದು, ಎಣ್ಣೆ ಹಚ್ಚುವುದು, ಮಾತ್ರೆ ನುಂಗುವುದು ನಂಬಿಕೆಗೆ ಬಂದ ಕೊರತೆಯಲ್ಲ, ಅದರ ಒಂದು ಭಾಗ.

ಕೊನೆಯದು ನೆರೆಯವರ ಮಾತು. ತೋಟ ಹಳದಿಯಾದಾಗ ಯಜಮಾನನ ಸಂಕಟ ಎಲ್ಲರ ಕಣ್ಣಿಗೆ ಬೀಳುತ್ತದೆ. ಅಡಿಕೆ ಕೊನೆ ಕಡಿಮೆಯಾದರೆ ಅದನ್ನು ಕೊಯ್ಯುವ ಕೊನೆಗಾರನಿಗೆ, ಅಡಿಕೆ ಸುಲಿಯುವ ಹೆಂಗಸರಿಗೆ ಕೆಲಸ ಕಡಿಮೆಯಾಗುತ್ತದೆ ಎಂಬುದು ಬೀಳುವುದಿಲ್ಲ. ಅವರಿಗೆ ಹಳದಿಯಾಗಲು ತೋಟವೇ ಇಲ್ಲ. ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಕೂಲಿ ಕಳೆದುಕೊಂಡವನಿಗೆ ಎಲ್ಲ ದೇವರ ಚಿತ್ತ ಎಂದರೆ ಆ ಮಾತಿನಲ್ಲಿ ದೇವರೂ ಇಲ್ಲ, ಚಿತ್ತವೂ ಇಲ್ಲ. ತನ್ನ ಕಷ್ಟಕ್ಕೆ ತಾನೇ ಆಡಿಕೊಂಡರೆ ಅದು ಸಮರ್ಪಣೆಯಾದೀತು; ಇನ್ನೊಬ್ಬನ ಕಷ್ಟಕ್ಕೆ ಆಡಿದರೆ ಜಾರಿಕೊಳ್ಳುವ ದಾರಿ.

ಹಾಗೆಂದು ನಮ್ಮಲ್ಲಿ ಸರಿಯಾದ ಪಾಠ ಇಲ್ಲವೆಂದಲ್ಲ. ಸೆಪ್ಟೆಂಬರ್ 8ರ ಮಾತೆ ಮರಿಯಳ ಹುಟ್ಟುಹಬ್ಬವನ್ನು ಕೊಂಕಣಿ ಕ್ಯಾಥೊಲಿಕರು ತೆನೆಹಬ್ಬವಾಗಿ ಆಚರಿಸುತ್ತಾರೆ. ಹಿಂದಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಟ್ಟೆಯಲ್ಲಿ ತುಂಬಿಕೊಂಡು ಚರ್ಚಿಗೆ ಬರುತ್ತಾರೆ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಬರುತ್ತದೆ. ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ಗದ್ದೆಗಳೆಲ್ಲ ತೋಟವಾದ ಊರುಗಳಲ್ಲಿ ಆ ನಾಲ್ಕು ತೆನೆಗಾಗಿ ಬೇರೆ ಊರಿನ ಗದ್ದೆಗೆ ಹೋಗಬೇಕು. ಮುಖ್ಯ ಫಸಲು ಇನ್ನೂ ಕೈಗೆ ಬಂದಿರುವುದಿಲ್ಲ, ಅಡಿಕೆ ಕೊಯ್ಲು ದೂರ, ಕೊಳೆ ಎಷ್ಟು ತಿಂದಿದೆ ಎಂಬ ಲೆಕ್ಕ ಸಿಕ್ಕಿರುವುದಿಲ್ಲ. ಲೆಕ್ಕ ನೋಡಿ ಕೃತಜ್ಞತೆ ಹೇಳುವುದಾದರೆ ಈ ಹಬ್ಬವನ್ನು ಡಿಸೆಂಬರಿಗೆ ದೂಡಬೇಕಿತ್ತು. ಹಬಕ್ಕೂಕನೆಂಬ ಪ್ರವಾದಿ ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಹಟ್ಟಿ ಎಂದು ಒಂದೊಂದನ್ನೇ ಹೆಸರಿಸಿ, ಎಲ್ಲವೂ ಬರಿದಾದರೂ ದೇವರಲ್ಲಿ ಸಂತೋಷಪಡುವೆನೆಂದ. ನಷ್ಟವನ್ನು ಅವನು ಮುಚ್ಚಿಡಲಿಲ್ಲ, ಪಟ್ಟಿ ಮಾಡಿಯೇ ಹೇಳಿದ.

ಯೋಬನ ಗ್ರಂಥದ ಕೊನೆಗೆ ದೇವರು ತೀರ್ಪು ಕೊಡುತ್ತಾನೆ: ತನ್ನ ಪರವಾಗಿ ವಾದಿಸಿದ ಸ್ನೇಹಿತರ ಮಾತು ಸರಿಯಲ್ಲ, ತನ್ನ ಮೇಲೇ ದೂರು ಹೇರಿದ ಯೋಬನ ಮಾತೇ ಸರಿ. ಈ ತೀರ್ಪು ಬಂದದ್ದು ಕುರಿ ಒಂಟೆಗಳು ಮರಳುವ ಮೊದಲು, ಅವನಿನ್ನೂ ಬೂದಿಯಲ್ಲಿ ಕೂತಿದ್ದಾಗ. ಆದ್ದರಿಂದ ಹಳದಿ ತೋಟದ ಒಬ್ಬ ಅಣ್ಣನೋ, ಮಗನನ್ನು ಕಳೆದುಕೊಂಡ ಒಬ್ಬ ಅಕ್ಕನೋ ಮುಂದಿನ ಭಾನುವಾರ ಚರ್ಚಿನ ಬಾಗಿಲಲ್ಲಿ ಸಿಕ್ಕರೆ ದೇವರ ಪರವಾಗಿ ವಕಾಲತ್ತು ಮಾಡುವ ಕೆಲಸ ನಮಗೆ ಬೇಡ. ಸೊಸೈಟಿ ಸಾಲ ಎಷ್ಟಿದೆ, ಮಗಳ ಕಾಲೇಜು ಫೀಸು ಕಟ್ಟಿ ಆಯಿತೇ, ಆಸ್ಪತ್ರೆಗೆ ಹೋಗಲು ಜೊತೆಗೆ ಯಾರಾದರೂ ಬೇಕೇ ಎಂದು ಕೇಳಿದರೆ ಸಾಕು. ದೇವರು ಕೈಬಿಡುವುದಿಲ್ಲ ಎಂಬ ಮಾತನ್ನು, ಅಗತ್ಯವಿದ್ದರೆ, ಅದಾದ ಮೇಲೆ ಹೇಳೋಣ.